ಕೇಸ್ ನಡೆಯುತ್ತಿದೆ, ಮಗಳ ಲೆಕ್ಕದ ಮಾರ್ಕ್ಸ್ ಬಿದ್ದಿದೆ: ಮಕ್ಕಳ ಆಪ್ತ ಸಮಾಲೋಚಕಿಯ ಜೊತೆ ಪ್ರಶ್ನೋತ್ತರ

ಗ್ರೂಪ್ ಅಡ್ಮಿನ್: ಈ ವಾರ ಉತ್ತರ ಕೊಡುತ್ತಿರುವವರು ಬೆಂಗಳೂರಿನ ಶಾಲಾ ಮಕ್ಕಳ ಜೊತೆ ಕೆಲಸ ಮಾಡುವ ಆಪ್ತ ಸಮಾಲೋಚಕಿ. ಕೇಳಿದವರ ಹೆಸರು ಹಾಕಿಲ್ಲ. ಮಕ್ಕಳ ಗುರುತು ಸಿಗುವಂಥ ವಿವರಗಳನ್ನೂ ತೆಗೆದಿದ್ದೇವೆ. ದಯವಿಟ್ಟು ಯಾರೂ ಊಹೆ ಮಾಡಲು ಹೋಗಬೇಡಿ.

ಪ್ರಶ್ನೆ (ಒಬ್ಬ ತಾಯಿ, ವಿಜಯನಗರ):
ಮೇಡಂ, ನನ್ನ ಮಗಳು ಮೂರನೇ ಕ್ಲಾಸ್. ದಸರಾದಿಂದ ನಾನೂ ನನ್ನ ಗಂಡನೂ ಬೇರೆ ಇದ್ದೇವೆ. ನಾನು ಮಗಳ ಜೊತೆ ತವರಿನಲ್ಲಿದ್ದೇನೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ, ಅಂದರೆ ಫ್ಯಾಮಿಲಿ ಕೋರ್ಟ್ ಇರುವ ಕಟ್ಟಡದಲ್ಲಿ, ಕೇಸ್ ನಡೆಯುತ್ತಿದೆ. ಶನಿವಾರ, ಭಾನುವಾರ ಅವಳು ಅಪ್ಪನ ಹತ್ತಿರ ಇರುತ್ತಾಳೆ. ಮೊದಲು ಲೆಕ್ಕದಲ್ಲಿ 25ಕ್ಕೆ 21, 22 ತರುತ್ತಿದ್ದವಳು ಈ ಸಲ 9 ತಂದಿದ್ದಾಳೆ. ಕನ್ನಡ, ಇಂಗ್ಲಿಷ್ ಅಷ್ಟೇನೂ ಬಿದ್ದಿಲ್ಲ. ಸೋಮವಾರ ಬಂತೆಂದರೆ ಹೊಟ್ಟೆನೋವು ಅಂತಾಳೆ. ಕ್ಲಾಸಿನಲ್ಲಿ ಮೈ ಮಾತ್ರ ಇರುತ್ತೆ, ಮನಸ್ಸು ಎಲ್ಲೋ ಇರುತ್ತೆ ಅಂತ ಟೀಚರ್ ಹೇಳಿದರು. ಗಂಡನ ಕಡೆಯವರು ಈ ಮಾರ್ಕ್ಸ್ ಕಾರ್ಡನ್ನು ಕೋರ್ಟಿಗೆ ಕೊಡುತ್ತೇವೆ, ನಿನ್ನ ಹತ್ತಿರ ಇದ್ದು ಮಗು ಹಾಳಾಗುತ್ತಿದೆ ಅಂತ ತೋರಿಸುತ್ತೇವೆ ಅನ್ನುತ್ತಿದ್ದಾರೆ. ನಾನೇ ಅವಳ ಓದು ಕೆಡಿಸಿದೆನಾ? ಟ್ಯೂಷನ್‌ಗೆ ಹಾಕಲಾ?

ಉತ್ತರ:
ಒಂದು ಪರೀಕ್ಷೆಯ ಮಾರ್ಕ್ಸ್ ನೋಡಿ ಓದು ಕೆಟ್ಟುಹೋಯಿತು ಅಂತ ತೀರ್ಮಾನಕ್ಕೆ ಬರಬೇಡಿ. ನಿಮ್ಮ ಮಗಳಿಗೆ ಏನಾಗುತ್ತಿದೆ ಅಂತ ಮೊದಲು ನೋಡೋಣ.

52ರಲ್ಲಿ 27 ಕಳೆಯುವ ಲೆಕ್ಕ ತೆಗೆದುಕೊಳ್ಳಿ. 2ರಲ್ಲಿ 7 ಹೋಗುವುದಿಲ್ಲ. ಪಕ್ಕದ 5ರಿಂದ ಸಾಲ ತಗೊಂಡು 12 ಮಾಡಬೇಕು. 12ರಲ್ಲಿ 7 ಹೋದರೆ 5. ಆಮೇಲೆ ಪಕ್ಕದ ಮನೆಯ 5 ಈಗ 4 ಆಗಿದೆ ಅನ್ನುವುದು ನೆನಪಿರಬೇಕು. ಮಗು ಇಷ್ಟನ್ನೂ ಮನಸ್ಸಿನಲ್ಲಿ ಹಿಡಿದುಕೊಂಡಿರುತ್ತದೆ. ಅಷ್ಟರಲ್ಲಿ ಹಾಲ್‌ನಲ್ಲಿ ನಿಮ್ಮ ಫೋನ್ ಬರುತ್ತದೆ, ಲಾಯರ್ ಅನ್ನುವ ಮಾತು ಕೇಳಿಸುತ್ತದೆ. ಮಗು ಕಿವಿಗೊಡುತ್ತದೆ. 5 ಅನ್ನುವುದು 4 ಆಗಿದ್ದು ಮರೆತುಹೋಗುತ್ತದೆ. ಉತ್ತರ 25ರ ಬದಲು 35 ಬರುತ್ತದೆ.

ಇವತ್ತು ರಾತ್ರಿ ಅವಳ ಲೆಕ್ಕದ ನೋಟ್‌ಬುಕ್ ತೆಗೆದು ನೋಡಿ. ಇಂಥ ತಪ್ಪುಗಳೇ ಜಾಸ್ತಿ ಇದ್ದರೆ ಅವಳಿಗೆ ಲೆಕ್ಕ ಬರುತ್ತದೆ, ಗಮನ ನಿಲ್ಲುತ್ತಿಲ್ಲ ಅಷ್ಟೇ. ಎಲ್ಲೋ ಒಂದು ಪಾಠದಿಂದ ಮುಂದಕ್ಕೆ ಪೂರ್ತಿ ಖಾಲಿ ಬಿಟ್ಟಿದ್ದರೆ, ಅಥವಾ ವಿಧಾನವೇ ತಪ್ಪಾಗಿದ್ದರೆ, ಆ ಪಾಠ ನಡೆದ ದಿನಗಳಲ್ಲಿ ಅವಳು ಕಲಿತಿಲ್ಲ. ಮನೆ ಬಿಟ್ಟು ಬಂದ ವಾರಗಳೂ ಆ ಪಾಠ ನಡೆದ ವಾರಗಳೂ ಒಂದೇ ಇರಬಹುದು. ಟೀಚರ್ ಹತ್ತಿರ ದಿನಾಂಕ ಕೇಳಿ ತಾಳೆ ನೋಡಿ.

ಕನ್ನಡ ಬೀಳದೆ ಲೆಕ್ಕ ಮಾತ್ರ ಬಿದ್ದಿದ್ದಕ್ಕೂ ಕಾರಣ ಇದೆ. ಅಮೆರಿಕದಲ್ಲಿ ಹ್ಯುನ್ ಸಿಕ್ ಕಿಮ್ ಅನ್ನುವ ಸಂಶೋಧಕರು ಸಣ್ಣ ಕ್ಲಾಸಿನ ಮಕ್ಕಳನ್ನು ಐದನೇ ಕ್ಲಾಸಿನವರೆಗೆ ಗಮನಿಸಿದ ಮಾಹಿತಿ ಇಟ್ಟುಕೊಂಡು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪ್ಪ ಅಮ್ಮ ಬೇರೆಯಾಗುವ ಸಮಯದಲ್ಲಿ ಮಕ್ಕಳು ಹಿಂದೆ ಬಿದ್ದಿದ್ದು ಲೆಕ್ಕದಲ್ಲಿ. ಓದುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಲೆಕ್ಕ ಮೆಟ್ಟಿಲು ಇದ್ದ ಹಾಗೆ. ಮಧ್ಯೆ ಒಂದು ಮೆಟ್ಟಿಲು ಇಲ್ಲದಿದ್ದರೆ ಮುಂದಿನದಕ್ಕೆ ಕಾಲು ಎಟುಕುವುದಿಲ್ಲ. ಇವತ್ತು ಗುಣಾಕಾರ ತಪ್ಪಿದರೆ ನಾಳೆ ಭಾಗಾಕಾರ ಬರಲ್ಲ, ಅದರ ಮುಂದೆ ಭಿನ್ನರಾಶಿ ಬರಲ್ಲ. ಆ ಅಧ್ಯಯನದಲ್ಲಿ ಅಂತರ ವರ್ಷ ವರ್ಷ ಬೆಳೆಯುತ್ತಾ ಹೋಗಲಿಲ್ಲ. ಆದರೆ ತಾನಾಗಿ ಮುಚ್ಚಿಕೊಳ್ಳಲೂ ಇಲ್ಲ. ಹಾಗಾಗಿ ಎಲ್ಲ ಸರಿಹೋಗುತ್ತೆ ಬಿಡು ಅಂತ ಕೂರಬೇಡಿ. ಬಿಟ್ಟುಹೋದ ಪಾಠವನ್ನು ಹುಡುಕಿ ಈಗಲೇ ಕಲಿಸಿ.

ಟ್ಯೂಷನ್ ಸದ್ಯಕ್ಕೆ ಬೇಡ ಅನ್ನುತ್ತೇನೆ. ಅವಳ ಮನೆ ಬದಲಾಗಿದೆ, ಮಲಗುವ ಜಾಗ ಬದಲಾಗಿದೆ, ವ್ಯಾನ್ ಕೂಡ ಬದಲಾಗಿರಬಹುದು. ಇನ್ನೊಂದು ಹೊಸ ಜಾಗ, ಹೊಸ ಮುಖ ಯಾಕೆ? ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಇಪ್ಪತ್ತು ನಿಮಿಷ ನೀವೋ ಅವಳ ಮಾವನೋ ಪಕ್ಕ ಕೂತರೆ ಸಾಕು. ಆ ಇಪ್ಪತ್ತು ನಿಮಿಷ ಮನೆಯಲ್ಲಿ ಯಾರೂ ಕೇಸಿನ ಮಾತು ಎತ್ತಬಾರದು, ಫೋನಿನಲ್ಲೂ.

ಸೋಮವಾರದ ಹೊಟ್ಟೆನೋವು ನಾಟಕ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಆತಂಕ ಆದಾಗ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಒಮ್ಮೆ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಬೇರೇನೂ ಇಲ್ಲ ಅಂದರೆ ಪ್ರೀತಿಯಿಂದಲೇ ಶಾಲೆಗೆ ಕಳಿಸಿ. ಮನೆಯಲ್ಲಿ ಉಳಿಸಿಕೊಂಡರೆ ಮುಂದಿನ ಸೋಮವಾರ ಇನ್ನೂ ಕಷ್ಟವಾಗುತ್ತದೆ.

ಇನ್ನು ಮಾರ್ಕ್ಸ್ ಕಾರ್ಡಿನ ವಿಷಯ. ನಾನು ವಕೀಲೆ ಅಲ್ಲ, ಕಾನೂನಿನ ಮಾತನ್ನು ನಿಮ್ಮ ವಕೀಲರ ಹತ್ತಿರ ಕೇಳಿ. ಒಂದು ಮಾತ್ರ ಹೇಳುತ್ತೇನೆ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅನ್ನುತ್ತದೆ. ಹಿತ ಅಂದರೆ ಒಂದು ಪರೀಕ್ಷೆಯ ಲೆಕ್ಕದ ಮಾರ್ಕ್ಸ್ ಮಾತ್ರವೇ ಅಲ್ಲ.

ನನಗೆ ಭಯ ಬೇರೆಯದು. ಈ ಮಾತು ನಿಮ್ಮ ಮಗಳ ಕಿವಿಗೆ ಬಿದ್ದಿದೆಯಾ? ಎಂಟು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾನು ಕಡಿಮೆ ತಗೊಂಡರೆ ಅಮ್ಮನಿಂದ ದೂರ ಮಾಡುತ್ತಾರೆ ಅಂತ ಅಂದುಕೊಂಡ ಮಗು ಪ್ರಶ್ನೆಪತ್ರಿಕೆ ನೋಡಿದಾಗ ಕೈ ನಡುಗದೆ ಇರುತ್ತದಾ? ಇದು ಎರಡೂ ಕಡೆಗೆ ಅನ್ವಯಿಸುತ್ತದೆ. ಅಪ್ಪನ ಮನೆಗೆ ಹೋಗಿಬಂದ ವಾರವೇ ಮಾರ್ಕ್ಸ್ ಬಿತ್ತು ನೋಡಿ ಅಂತ ನಿಮ್ಮ ಕಡೆಯವರೂ ಹೇಳಬಾರದು. ನನ್ನ ಕೆಲಸದಲ್ಲಿ ತುಂಬಾ ನೋವು ಕೊಡುವುದು ಇದೇ. ಮಗು ಕಷ್ಟಪಡುತ್ತಿದೆ ಅಂತ ತೋರಿಸುವ ಹಾಳೆಯನ್ನು ದೊಡ್ಡವರು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಆ ಹಾಳೆಯಲ್ಲಿ ಇರುವುದು ಅವಳ ಹೆಸರು. ನಿನ್ನ ಮಾರ್ಕ್ಸ್‌ಗೂ ನೀನು ಎಲ್ಲಿರುತ್ತೀಯ ಅನ್ನುವುದಕ್ಕೂ ಸಂಬಂಧವೇ ಇಲ್ಲ ಅಂತ ಅವಳಿಗೆ ನೇರವಾಗಿ ಹೇಳಿ. ಆಗುವುದಾದರೆ ಅವಳ ಅಪ್ಪನೂ ಇದೇ ಮಾತು ಹೇಳಲಿ.

ಪ್ರತಿ ಹಿಯರಿಂಗ್‌ಗೂ ಶಾಲೆ ಬಿಡಿಸಿ ಅವಳನ್ನು ಕರೆದುಕೊಂಡು ಹೋಗಬೇಡಿ. ಜಡ್ಜ್ ಕರೆಸಿದಾಗ ಮಾತ್ರ ಹೋಗಲಿ.

ಪ್ರಶ್ನೆ (ಒಬ್ಬ ತಂದೆ, ಯಲಹಂಕ):
ನಾನು ಆ ಕಡೆಯವನು. ನನ್ನ ಮಗ ಐದನೇ ಕ್ಲಾಸ್, ತಾಯಿ ಜೊತೆ ಬನಶಂಕರಿಯಲ್ಲಿದ್ದಾನೆ. ವಾರಕ್ಕೊಮ್ಮೆ ನನ್ನ ಹತ್ತಿರ ಬರುತ್ತಾನೆ. ಫೀಸ್ ನಾನೇ ಕಟ್ಟುತ್ತೇನೆ. ಆದರೆ ಶಾಲೆಯಿಂದ ನನಗೆ ಒಂದು ಮೆಸೇಜೂ ಬರಲ್ಲ. ಹೋಮ್‌ವರ್ಕ್ ಮಾಡಿಸಿಲ್ಲ ಅಂತ ಮಾತ್ರ ಬೈಗುಳ ನನಗೆ. ಎರಡು ದಿನದಲ್ಲಿ ನಾನೇನು ಮಾಡೋಕಾಗುತ್ತೆ?

ಉತ್ತರ:
ಸರ್, ತುಂಬಾ ಮಾಡಬಹುದು. ನೀವು ಕೇಳಿದ್ದು ನನಗೆ ಖುಷಿಯಾಯಿತು.

ಮೊದಲು ಶಾಲೆ. ಮುಖ್ಯ ಶಿಕ್ಷಕರಿಗೆ ಒಂದು ಪತ್ರ ಬರೆಯಿರಿ. ನಾನು ಮಗುವಿನ ತಂದೆ, ಡೈರಿ ಮತ್ತು ಪರೀಕ್ಷೆಯ ಮಾಹಿತಿ ನನಗೂ ಕಳಿಸಿ, ಇದು ನನ್ನ ನಂಬರ್ ಅಂತ ಅಷ್ಟೇ. ಹೆಂಡತಿ ಬಗ್ಗೆ ಒಂದು ಸಾಲೂ ಬೇಡ. ಕೋರ್ಟ್ ಆದೇಶ ಏನಾದರೂ ಇದ್ದರೆ ಅದರ ಪ್ರತಿ ಜೊತೆಗಿಡಿ, ಶಾಲೆಯವರಿಗೂ ಗೊಂದಲ ಇರಲ್ಲ.

ನಿಮ್ಮ ಮನೆಯಲ್ಲೂ ಒಂದು ಜೊತೆ ಪಠ್ಯಪುಸ್ತಕ ಇಡಿ. ಜಾಮಿಟ್ರಿ ಬಾಕ್ಸ್, ಅಟ್ಲಾಸ್, ಸ್ಕೆಚ್ ಪೆನ್ ಎಲ್ಲವೂ ಎರಡನೆಯದು ಇರಲಿ. ಸಮಾಜ ಪುಸ್ತಕ ಅಪ್ಪನ ಮನೆಯಲ್ಲಿ ಉಳಿಯಿತು ಅಂತ ಸೋಮವಾರ ಕ್ಲಾಸಿನ ಹೊರಗೆ ನಿಲ್ಲುವ ಮಗುವಿನ ಮುಖವನ್ನು ನಾನು ನೋಡಿದ್ದೇನೆ. ಆ ಮರೆವು ಮಗುವಿನ ತಪ್ಪೇ ಅಲ್ಲ. ಎರಡು ಮನೆ ಮಾಡಿದ್ದು ದೊಡ್ಡವರು.

ಹೋಮ್‌ವರ್ಕ್ ಶನಿವಾರ ಬೆಳಗ್ಗೆ ತಿಂಡಿ ಆದಮೇಲೆ ಮುಗಿಸಿಬಿಡಿ. ಭಾನುವಾರ ರಾತ್ರಿಗೆ ತಳ್ಳಬೇಡಿ. ಇನ್ನೂ ಸ್ವಲ್ಪ ಹೊತ್ತು ಇರಲಿ ಅಂತ ಪ್ರೀತಿಗೆ ಉಳಿಸಿಕೊಂಡು, ಹೆಬ್ಬಾಳದ ಟ್ರಾಫಿಕ್ ದಾಟಿ ಹತ್ತು ಗಂಟೆಗೆ ಬನಶಂಕರಿಗೆ ಬಿಡುವ ಅಪ್ಪಂದಿರು ಜಾಸ್ತಿ. ಅರ್ಥವಾಗುತ್ತದೆ, ಬಿಡಲು ಮನಸ್ಸು ಬರಲ್ಲ. ಆದರೆ ಆ ವಯಸ್ಸಿನ ಮಗುವಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಸೋಮವಾರ ಆರಕ್ಕೆ ಏಳಬೇಕಾದ ಮಗು ಹನ್ನೊಂದಕ್ಕೆ ಮಲಗಿದರೆ ಮೊದಲೆರಡು ಪೀರಿಯಡ್ ಹೋದಹಾಗೇ. ಸಂಜೆ ಐದಕ್ಕೆ ಹೊರಡಿ.

ವಾರದ ನಡುವೆ ವಿಡಿಯೋ ಕಾಲ್ ಮಾಡಿ. 2020ರಲ್ಲಿ ಸುಪ್ರೀಂ ಕೋರ್ಟ್ ಯಶಿತಾ ಸಾಹು ಪ್ರಕರಣದಲ್ಲಿ, ಮಗು ತನ್ನ ಹತ್ತಿರ ಇಲ್ಲದ ತಂದೆಗೋ ತಾಯಿಗೋ ದಿನಾ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವ ಅವಕಾಶ ಇರಬೇಕು ಅಂದಿದೆ. ಕಾಲ್‌ನಲ್ಲಿ ಅಮ್ಮ ಏನಂತಾಳೆ, ಮನೆಗೆ ಯಾರು ಬಂದಿದ್ದರು ಅಂತ ಕೇಳಬೇಡಿ. ಇವತ್ತು ವಿಜ್ಞಾನದಲ್ಲಿ ಏನು ಮಾಡಿದರು, ಯಾರ ಪಕ್ಕ ಕೂತಿದ್ದೆ, ಆಟದ ಪೀರಿಯಡ್ ಇತ್ತಾ ಅಂತ ಕೇಳಿ. ಮಗ ಹೇಳಿದ್ದನ್ನು ನೆನಪಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮಾತು ಶುರುಮಾಡಿ.

ಇನ್ನೊಂದು ಮಾತು. ನ್ಯಾಯದೇಗುಲದ ಕಟ್ಟಡದಲ್ಲೇ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ. ಎರಡೂ ಕಡೆಯವರನ್ನು ಕೂರಿಸಿ ಮಾತುಕತೆಯಿಂದ ಒಪ್ಪಂದಕ್ಕೆ ತರುವ ಜಾಗ ಅದು. ನಿಮ್ಮ ಕೇಸ್ ಅಲ್ಲಿಗೆ ಹೋದರೆ ದುಡ್ಡು, ಸೈಟು, ಒಡವೆ ವಿಷಯದ ಜೊತೆಗೆ ಶಾಲೆಯ ವಿಷಯವನ್ನೂ ಬರೆಸಿ. ಯಾವ ಶಾಲೆ, ಫೀಸ್ ಯಾರದು, ಪರೀಕ್ಷೆ ಇರುವ ವಾರ ಮಗು ಎಲ್ಲಿರುತ್ತದೆ, ಡೈರಿಗೆ ಯಾರು ಸಹಿ ಹಾಕುತ್ತಾರೆ. ಜಗಳ ಹುಟ್ಟುವುದು ಇಂಥ ಸಣ್ಣ ವಿಷಯಕ್ಕೇ.

ಪ್ರಶ್ನೆ (ಒಬ್ಬ ತಾಯಿ, ಕೆಂಗೇರಿ):
ನನ್ನ ಮಗ ಯುಕೆಜಿ. ಅಪ್ಪ ದುಬೈಗೆ ಹೋಗಿದ್ದಾರೆ ಅಂತ ಹೇಳಿದ್ದೇವೆ. ನಿಲ್ಲಿಸಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ. ಬರೆಯುತ್ತಿದ್ದ ಅಕ್ಷರಗಳನ್ನೂ ಬರಲ್ಲ ಅಂತಾನೆ. ಇಷ್ಟು ಚಿಕ್ಕವನಿಗೆ ನಿಜ ಹೇಳಬಹುದಾ?

ಉತ್ತರ:
ಹೇಳಬೇಕು. ಆ ವಯಸ್ಸಿನ ಮಕ್ಕಳು ಕಾರಣ ಸಿಗದಿದ್ದರೆ ತಾವೇ ಕಾರಣ ಅಂದುಕೊಳ್ಳುತ್ತಾರೆ. ನಾನು ಹಾಲು ಚೆಲ್ಲಿದ್ದಕ್ಕೆ ಅಪ್ಪ ಹೋದರು, ನಾನು ಅತ್ತಿದ್ದಕ್ಕೆ ಹೋದರು ಅಂತ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ದುಬೈನಿಂದ ಅಪ್ಪ ಯಾವಾಗ ಬರುತ್ತಾರೆ ಅಂತ ದಿನಾ ಕಾಯುವ ಮಗುವಿಗೆ ಅಕ್ಷರದ ಕಡೆ ಗಮನ ಎಲ್ಲಿಂದ ಬರಬೇಕು?

ಉದ್ದ ಭಾಷಣ ಬೇಡ. ಅಪ್ಪ ಅಮ್ಮ ಇನ್ನು ಬೇರೆ ಬೇರೆ ಮನೆಯಲ್ಲಿ ಇರುತ್ತೇವೆ. ಇದು ದೊಡ್ಡವರ ವಿಷಯ, ನಿನ್ನಿಂದ ಆಗಿದ್ದಲ್ಲ. ನೀನು ಇದೇ ಶಾಲೆಗೆ ಹೋಗುತ್ತೀಯ, ಇದೇ ಮಿಸ್ ಇರುತ್ತಾರೆ, ರಾತ್ರಿ ನನ್ನ ಪಕ್ಕ ಮಲಗುತ್ತೀಯ. ಇಷ್ಟು ಸಾಕು. ಅಪ್ಪನನ್ನು ಯಾವಾಗ ನೋಡುತ್ತಾನೆ ಅನ್ನುವುದು ಖಚಿತವಾಗಿದ್ದರೆ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ತೋರಿಸಿ. ಖಚಿತವಿಲ್ಲದಿದ್ದರೆ ಸುಮ್ನೆ ಮಾತು ಕೊಡಬೇಡಿ. ಅವನು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾನೆ. ಪ್ರತಿ ಸಲವೂ ಅದೇ ಉತ್ತರ ಕೊಡಿ.

ಹಾಸಿಗೆ ಒದ್ದೆಯಾದರೆ ಬೈಯಬೇಡಿ, ನೆಂಟರ ಮುಂದೆ ಹೇಳಿ ನಾಚಿಸಬೇಡಿ. ಅಕ್ಷರವನ್ನು ಒತ್ತಾಯ ಮಾಡಿ ಬರೆಸಬೇಡಿ. ಮನೆ ಸ್ಥಿರವಾದಂತೆ ಹಾಸಿಗೆ ಒದ್ದೆಯಾಗುವುದು ಸಾಮಾನ್ಯವಾಗಿ ನಿಲ್ಲುತ್ತದೆ, ಅಕ್ಷರಗಳೂ ಮರಳಿ ಬರುತ್ತವೆ.

ಕಾಮೆಂಟ್ (ಒಬ್ಬ ಸದಸ್ಯರು):
ಯಾರನ್ನೂ ನೋಯಿಸಲು ಕೇಳುತ್ತಿಲ್ಲ. ಮಕ್ಕಳಿಗೋಸ್ಕರ ಅಡ್ಜಸ್ಟ್ ಮಾಡಿಕೊಂಡು ಒಟ್ಟಿಗೇ ಇದ್ದಿದ್ದರೆ ಇದೆಲ್ಲ ಬರುತ್ತಿರಲಿಲ್ಲ ಅಲ್ವಾ?

ಉತ್ತರ:
ಇದಕ್ಕೆ ಹೌದು ಅಂತಲೂ ಇಲ್ಲ ಅಂತಲೂ ಒಂದೇ ಮಾತಿನಲ್ಲಿ ಹೇಳಲಾಗದು. ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಅಮಾಟೊ ಮತ್ತು ಅವರ ಜೊತೆಗಾರರು 1995ರಲ್ಲಿ ಇದನ್ನೇ ಹುಡುಕಿದರು. ಜಗಳ ಜಾಸ್ತಿ ಇದ್ದ ಮನೆಗಳಲ್ಲಿ, ಅಪ್ಪ ಅಮ್ಮ ಬೇರೆಯಾದ ಮಕ್ಕಳು ದೊಡ್ಡವರಾದಾಗ, ಜಗಳದ ನಡುವೆಯೇ ಒಟ್ಟಿಗೆ ಉಳಿದ ಮನೆಗಳ ಮಕ್ಕಳಿಗಿಂತ ಚೆನ್ನಾಗಿದ್ದರು. ಜಗಳ ಕಡಿಮೆ ಇದ್ದ ಮನೆಗಳಲ್ಲಿ ಬೇರೆಯಾದಾಗ ಮಾತ್ರ ಮಕ್ಕಳಿಗೆ ಹೆಚ್ಚು ಪೆಟ್ಟು ಬಿತ್ತು. ಅದೇ ಅಮಾಟೊ 1991ರಲ್ಲಿ ಬ್ರೂಸ್ ಕೀತ್ ಜೊತೆ 92 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಬೇರೆಯಾದ ಮನೆಗಳ ಮಕ್ಕಳು ಓದಿನಲ್ಲಿ ಹಿಂದೆ ಇದ್ದರು ನಿಜ, ಆದರೆ ಸರಾಸರಿ ಅಂತರ ನಾವು ಹೆದರುವಷ್ಟು ದೊಡ್ಡದಿರಲಿಲ್ಲ. ಅವು ಆ ದೇಶದ ಕುಟುಂಬಗಳು. ಇಲ್ಲಿ ಅಜ್ಜಿ ತಾತ, ಅತ್ತೆ ಮಾವ, ನೆರೆಹೊರೆಯವರ ಮಾತು ಎಲ್ಲವೂ ಸೇರುತ್ತವೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ಹೊಡೆತ, ಕುಡಿತ, ದಿನಾ ಕೂಗಾಟ ಇರುವ ಮನೆಯಲ್ಲಿ ಮಗು ಓದಿಕೊಳ್ಳುತ್ತದೆ ಅಂತ ಯಾರೂ ಅಂದುಕೊಳ್ಳಬಾರದು. ಒಂದು ವಿನಂತಿ. ಈ ಪ್ರಶ್ನೆಯನ್ನು ಬೇರೆಯಾಗಿ ಬಂದ ಹೆಣ್ಣುಮಗಳ ಎದುರು, ಅದರಲ್ಲೂ ಮಗುವಿನ ಎದುರು, ಕೇಳಬೇಡಿ.

ಪ್ರಶ್ನೆ (ಒಬ್ಬ ಶಿಕ್ಷಕಿ, ರಾಜಾಜಿನಗರ):
ನನ್ನ ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಅವರಲ್ಲಿ ಒಬ್ಬಳ ಮನೆಯಲ್ಲಿ ಹೀಗಾಗಿದೆ. ‘ನನ್ನ ಕುಟುಂಬ’ ಪ್ರಾಜೆಕ್ಟ್ ಬಂದಾಗ ಅವಳು ಹಾಳೆಯನ್ನು ಖಾಲಿ ಕೊಟ್ಟಳು. ನಾನು ಹೇಗೆ ನಡೆದುಕೊಳ್ಳಲಿ?

ಉತ್ತರ:
ಮಿಸ್, ಮುಂದಿನ ಸಲ ಇಡೀ ಕ್ಲಾಸಿಗೆ ‘ನಿನ್ನನ್ನು ಪ್ರೀತಿಸುವವರು ಯಾರು ಯಾರು, ಅವರನ್ನು ಬರೆ’ ಅಂತ ಕೊಡಿ. ಅಜ್ಜಿ ಬಂದರೂ ಸರಿ, ನಾಯಿ ಬಂದರೂ ಸರಿ. ಅವಳೊಬ್ಬಳಿಗೆ ಬೇರೆ ಪ್ರಾಜೆಕ್ಟ್ ಕೊಡಬೇಡಿ, ಎಲ್ಲರ ಕಣ್ಣೂ ಅವಳ ಮೇಲೆ ಬೀಳುತ್ತದೆ.

ಅವಳನ್ನು ಮುಂದಿನ ಬೆಂಚಿಗೆ ಕರೆತನ್ನಿ. ಬೆಳಗ್ಗೆ ಹೆಸರು ಹಿಡಿದು ಒಂದು ಮಾತಾಡಿಸಿ. ಹೋಮ್‌ವರ್ಕ್ ತಪ್ಪಿದರೆ ಕಾರಣವನ್ನು ಕ್ಲಾಸಿನ ಮುಂದೆ ಕೇಳಬೇಡಿ. ಅಯ್ಯೋ ಪಾಪ ಅನ್ನುವ ನೋಟವೂ ಬೇಡ, ಅದು ಮಕ್ಕಳಿಗೆ ಬಹಳ ಬೇಗ ತಿಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯ ವಿಷಯ ಎತ್ತಿ ಹಂಗಿಸುವುದನ್ನೂ ನಾನು ಅದೇ ಕಣ್ಣಿನಿಂದ ನೋಡುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹಾಗೆ ಮಾತಾಡಿದರೆ ನೀವು ತಡೆಯಿರಿ.

ಪ್ರಶ್ನೆ (ಒಬ್ಬರು ಅಜ್ಜಿ, ಹನುಮಂತನಗರ):
ಮಗಳು ರಾತ್ರಿ ಪಾಳಿ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗಳನ್ನು ನಾನೇ ನೋಡಿಕೊಳ್ಳುತ್ತೇನೆ. ನನಗೆ ಇಂಗ್ಲಿಷ್ ಬರಲ್ಲಮ್ಮ, ಓದಿಸೋದು ಹೇಗೆ? ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಉತ್ತರ:
ಅಮ್ಮಾ, ಇಂಗ್ಲಿಷ್ ಬೇಡ. ಅವಳು ಬರೆಯುವಾಗ ನೀವು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರಿ. ಇವತ್ತು ಏನು ಓದಿದೆ, ನನಗೆ ಕನ್ನಡದಲ್ಲಿ ಹೇಳು ಅನ್ನಿ. ಹೇಳಿಕೊಡುವಾಗ ಅವಳಿಗೇ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ಮಗ್ಗಿ ಬಾಯಿಪಾಠ ನಿಮಗೆ ಬಂದೇ ಬರುತ್ತದೆ, ಅದನ್ನು ದಿನಾ ಹೇಳಿಸಿ. ಅವಳ ಎದುರು ಅಳಿಯನ ಬಗ್ಗೆ ಮಾತ್ರ ಕೆಟ್ಟದಾಗಿ ಆಡಬೇಡಿ. ನಿಮಗೆ ಎಷ್ಟೇ ಸಿಟ್ಟಿದ್ದರೂ ಅವಳಿಗೆ ಅವನು ಅಪ್ಪ.

ಕೆಲವು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆಗೆ ಹೋಗಲು ಪೂರ್ತಿ ನಿರಾಕರಿಸಿದರೆ, ಗೆಳತಿಯರ ಜೊತೆ ಆಟವನ್ನೇ ಬಿಟ್ಟರೆ ತೋರಿಸಬೇಕು. ನಾನು ಸಾಯಬೇಕು, ನಾನು ಇರಬಾರದಿತ್ತು ಅಂತ ಮಗು ಅಂದರೆ ಒಂದು ದಿನವೂ ಕಾಯಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಮಾತಾಡುತ್ತಾರೆ, ಕನ್ನಡದಲ್ಲೇ. ಮಗುವಿಗೆ ಯಾರಾದರೂ ಹೊಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ.

ಮೊದಲು ಕೇಳಿದ ತಾಯಿ, ವಿಜಯನಗರ:
ಮೇಡಂ, ನೋಟ್‌ಬುಕ್ ನೋಡಿದೆ. ಸಾಲ ತಗೊಳ್ಳುವ ಲೆಕ್ಕದಲ್ಲಿ ನೀವು ಹೇಳಿದ ತಪ್ಪೇ ಇದೆ. ಗುಣಾಕಾರದ ಎರಡು ಪುಟ ಮಾತ್ರ ಪೂರ್ತಿ ಖಾಲಿ. ಈ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ ಇದೆ. ಅವರೂ ಬರುತ್ತಾರಂತೆ. ಒಟ್ಟಿಗೆ ಕೂರಬೇಕಾ?

ಉತ್ತರ:
ಟೀಚರ್ ಎದುರು ಹತ್ತು ನಿಮಿಷ ದನಿ ಏರಿಸದೆ ಕೂರಲು ಇಬ್ಬರಿಗೂ ಆಗುತ್ತದೆ ಅನ್ನಿಸಿದರೆ ಒಟ್ಟಿಗೆ ಕೂತುಕೊಳ್ಳಿ, ಇಬ್ಬರಿಗೂ ಒಂದೇ ಮಾತು ಕೇಳಿಸುತ್ತದೆ. ಅನುಮಾನ ಇದ್ದರೆ ಟೀಚರ್‌ಗೆ ಇವತ್ತೇ ಮೆಸೇಜ್ ಹಾಕಿ ಬೇರೆ ಬೇರೆ ಸಮಯ ಕೇಳಿ, ಕೊಡುತ್ತಾರೆ. ಎರಡೂ ಸಂದರ್ಭದಲ್ಲಿ ಆ ನೋಟ್‌ಬುಕ್ ತಗೊಂಡು ಹೋಗಿ, ಖಾಲಿ ಇರುವ ಎರಡು ಪುಟ ತೆರೆದು ಟೀಚರ್ ಮುಂದೆ ಇಡಿ. ಈ ಗುಣಾಕಾರವನ್ನು ನೀವು ಕ್ಲಾಸಿನಲ್ಲಿ ಯಾವ ವಿಧಾನದಲ್ಲಿ ಹೇಳಿಕೊಟ್ಟಿರಿ ಅಂತ ಕೇಳಿ ಬರೆದುಕೊಳ್ಳಿ. ಅದರ ಫೋಟೋ ಅವಳ ಅಪ್ಪನಿಗೂ ಕಳಿಸಿ, ಎರಡೂ ಮನೆಯಲ್ಲಿ ಒಂದೇ ವಿಧಾನದಲ್ಲಿ ಮಾಡಿಸಲಿ.